ಕಾವೇರಮ್ಮನ ಇಪ್ಪತ್ತು ಹುಳು

ನಮ್ಮ ದೊಡ್ಡವ್ವ ಕಾವೇರಮ್ಮ ಅಕ್ಕೂರಿನಲ್ಲಿ ಮೂವತ್ತೊಂದು ವರ್ಷದಿಂದ ರೇಷ್ಮೆ ಹುಳು ಸಾಕುತ್ತಾಳೆ. ಬ್ಲೀಚಿಂಗ್ ನೀರಲ್ಲಿ ಕಾಲು ತೊಳೆಯದೆ ಅವಳ ಹುಳುಮನೆಯ ಹೊಸಿಲು ದಾಟಿದವರಿಲ್ಲ. ಹೊಸ ಅಳಿಯ ಮನೋಹರ್ ಸೆಂಟು ಬಳಿದುಕೊಂಡು ಬಂದಾಗ ಬಾಗಿಲಿಗೆ ಅಡ್ಡ ನಿಂತು, "ಹುಳ ಸತ್ರೆ ನೀವ್ ತಂದ್ಕೊಟ್ಟೀರಾ?" ಅಂದಿದ್ದಳು. ಅಂಥ ಗಟ್ಟಿಗಿತ್ತಿಯ ಎದೆಯಲ್ಲಿ ಹೋದ ವರ್ಷ ಗಡ್ಡೆ ಕಾಣಿಸಿತು.

ಬೆಂಗಳೂರಿನ ಆಸ್ಪತ್ರೆಗೆ ಜೊತೆಗೆ ಹೋದವಳು ನಾನು. "ಇದು ನ್ಯಾನೊ ಔಷಧಿ ಅಮ್ಮ. ಪ್ರೋಟೀನಿನಲ್ಲಿ ಸುತ್ತಿದ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ಗಡ್ಡೆಯೊಳಕ್ಕೆ ಹೋಗಿ ಅದನ್ನು ಕೊಲ್ಲುತ್ತವೆ" ಎಂದರು ಡಾಕ್ಟರು. ಡ್ರಿಪ್ ತೂಗುಹಾಕಿದರು. ಹಾಲಿನ ಹಾಗೆ ಬೆಳ್ಳಗಿತ್ತು.

ದೊಡ್ಡವ್ವ ಕೈ ಹಿಂದಕ್ಕೆಳೆದುಕೊಂಡಳು. "ಹಾಲುತೊಂಡೆ ಕಣವ್ವ ಇದು" ಎಂದಳು. ಹಾಲುತೊಂಡೆ ಬಂದ ಹುಳು ಊದಿ, ಮೈಯೊಡೆದು, ಬೆಳ್ಳನೆ ರಸ ಸುರಿಸಿ ಸಾಯುತ್ತದೆ. ಅದನ್ನು ತರುವುದೂ ಕಣ್ಣಿಗೆ ಕಾಣದ ಕಣವೇ. ಹಾಗೆ ಕೆಟ್ಟ ಎಷ್ಟೋ ಹುಳುಬೆಳೆಯನ್ನು ಅವಳು ಕೈಯಾರೆ ಹೂತಿದ್ದಳು.

ಊರಿಗೆ ಬಂದವಳು ಹುಳುಮನೆಗೆ ಕಾಲಿಡಲಿಲ್ಲ. ಬೆವರಿನಲ್ಲಿ ಆ ಔಷಧಿಯ ಕಣ ಬಂದು ಹುಳು ಸತ್ತುಬಿಟ್ಟರೆ ಎಂಬ ದಿಗಿಲು. ಸೊಪ್ಪು ಹಾಕುವ ಕೆಲಸವೆಲ್ಲ ದೊಡ್ಡಪ್ಪ ದಾಸಪ್ಪನ ಪಾಲಿಗೆ ಬಂತು. ನಾಲ್ಕನೇ ದಿನ ನೋಡುತ್ತೇನೆ, ಹಿತ್ತಲಲ್ಲಿ ಒಂದು ಮೊರ, ಅದರಲ್ಲಿ ದೊಡ್ಡಪ್ಪನಿಂದ ತರಿಸಿಕೊಂಡ ಇಪ್ಪತ್ತು ಹುಳು. ದೊಡ್ಡವ್ವ ಹಿಪ್ಪುನೇರಳೆ ಸೊಪ್ಪನ್ನು ತನ್ನ ಬೆವೆತ ಕುತ್ತಿಗೆಗೆ ಉಜ್ಜಿ ಉಜ್ಜಿ ಅವಕ್ಕೆ ಹಾಕುತ್ತಿದ್ದಾಳೆ!

"ಇವು ಸತ್ರೆ ನಾನು ಎರಡ್ನೇ ಬಾಟ್ಲಿಗೆ ಬರಾಕಿಲ್ಲ."

"ಡಾಕ್ಟರ್ ಓದಿರೋದು ದಂಡಕ್ಕಾ, ದೊಡ್ಡವ್ವ?" ಎಂದು ಬಾಯಿಗೆ ಬಂದಂತೆ ಬೈದೆ. ಆದರೆ ಮಾರನೇ ಬೆಳಿಗ್ಗೆ ಮೊರದ ಹತ್ತಿರ ಮೊದಲು ಓಡಿದವಳು ನಾನೇ. ಒಂದು ಹುಳು ಅಲ್ಲಾಡದೆ ಬಿದ್ದಿತ್ತು. ಬೆರಳು ತಾಗಿಸಿದೆ, ತಲೆಯೆತ್ತಿತು. ಬದುಕಿದೆ ಅಂದುಕೊಂಡೆ. ದಿನಾ ಹೀಗೇ ಹೆದರುತ್ತಾ ಒಂದು ವಾರ ಕಳೆಯಿತು.

ಇಪ್ಪತ್ತೂ ಬಲಿತು ಹಣ್ಣಾಗಿ ಗೂಡು ಕಟ್ಟಿದವು. ಒಂದೂ ಕೆಟ್ಟಿರಲಿಲ್ಲ. ನಾನು ಕುಣಿದಾಡಿದೆ. ದೊಡ್ಡವ್ವ ಮಾತ್ರ ಗೂಡುಗಳನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದನ್ನೇ ಒತ್ತಿ ನೋಡುತ್ತಿದ್ದಳು. ಮುಖ ಮೊದಲಿಗಿಂತ ಬಾಡಿತ್ತು.

"ಸೆಂಟಿನ ವಾಸ್ನೆಗೆ ಸಾಯೋ ಹುಳ ಕಣವ್ವ ಇದು. ಈ ಔಸ್ದಿಗೆ ಒಂದೂ ಸಾಯ್ಲಿಲ್ಲ. ನನ್ನೊಳಗಿರೋ ಗಡ್ಡೆ ಸಾಯ್ತದಾ?"

ಬೆವರಿಗೆ ಬರುವುದು ಬೇರೆ, ಗಡ್ಡೆಗೆ ಹೋಗುವುದು ಬೇರೆ ಎಂದು ಏನೇನೋ ಹೇಳಿದೆ. ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಆದರೂ ಎರಡನೇ ಡ್ರಿಪ್‌ಗೆ ಹೊರಟಳು. ನರ್ಸು ಬಿಳಿ ಬಾಟಲಿ ತೂಗುಹಾಕುತ್ತಿದ್ದಂತೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಕಿವಿಯ ಹತ್ತಿರ ಬಂದಳು.

"ಒಸಿ ಜಾಸ್ತಿನೇ ಬುಡಾಕ್ ಹೇಳವ್ವ."