ನೀರು ಹಾಕಿದ ಮೆಟ್ಟಿಲು

ಜಯಾ ಆಂಟಿ, ನೀವು ಬಿದ್ದದ್ದು ಹಿಮದಿಂದಲ್ಲ, ನಿಮ್ಮ ಚಪ್ಪಲಿಯಿಂದಲೂ ಅಲ್ಲ. ನನ್ನಿಂದ. ಆ ಬೆಳಿಗ್ಗೆ ಮೆಟ್ಟಿಲಿಗೆ ನಾನು ನೀರು ಹಾಕಿದ್ದೆ.

ಅದು 2022ರ ಜನವರಿ. ಅಮೆರಿಕದ ಈ ಕ್ಯಾರಿ ಊರಿಗೆ ಬಂದು ನನಗೆ ಮೂರು ತಿಂಗಳಾಗಿತ್ತು. ಹೆರಿಗೆ ಹತ್ತಿರವಾಗಿದ್ದ ಮಗಳು ಸ್ಮಿತಾಳ ಬಾಣಂತನಕ್ಕೆಂದು ನೀವು ಮೈಸೂರಿನಿಂದ ಪಕ್ಕದ ಮನೆಗೆ ಬಂದಿದ್ದಿರಿ. ಸಂಕ್ರಾಂತಿಯನ್ನು ಎಲ್ಲರೂ ವಾರಾಂತ್ಯಕ್ಕೆ ಎಳೆದಿದ್ದರು. ಆ ಶನಿವಾರ ಎದ್ದು ನೋಡಿದರೆ ಹೊರಗೆಲ್ಲ ಬೆಳ್ಳಗೆ. ನಾನು ಕಂಡ ಮೊದಲ ಹಿಮ. ಎಷ್ಟು ಸಂತೋಷಪಟ್ಟೆನೆಂದರೆ — ಅದನ್ನು ಹೇಳಲು ಈಗ ನಾಚಿಕೆ.

ವಿಡಿಯೋ ಕಾಲ್‌ನಲ್ಲಿ ಅಮ್ಮ ಕೇಳಿದರು, "ಹಬ್ಬದ ದಿನ ಬಾಗಿಲಿಗೆ ನೀರು ಹಾಕ್ದೆ ಇರ್ತಾರೇನೇ?" ಮೆಟ್ಟಿಲ ಮೇಲಿನ ಹಿಮ ಗುಡಿಸಿದೆ. ಒಂದು ಬಕೆಟ್ ಬಿಸಿನೀರು ಸುರಿದೆ. ಹಬೆ ಎದ್ದಿತು. ಒದ್ದೆಯ ಮೇಲೆಯೇ ರಂಗೋಲಿ ಎಳೆದು, ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಅಮ್ಮನಿಗೆ ಹಿಮ ಗೊತ್ತಿರಲಿಲ್ಲ ಎನ್ನಬಹುದು. ನನಗೂ ಗೊತ್ತಿರಲಿಲ್ಲ ಎಂದು ಇಲ್ಲಿಗೇ ನಿಲ್ಲಿಸಿಬಿಡಬಹುದು —

ಆದರೆ ಒಂಬತ್ತು ಗಂಟೆಗೆ ಕಸದ ಚೀಲ ಇಡಲು ಹೊರಗೆ ಬಂದಾಗ ನನ್ನ ಕಾಲೂ ಜಾರಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಬಗ್ಗಿ ಮುಟ್ಟಿ ನೋಡಿದೆ: ರಂಗೋಲಿಯ ಗೆರೆಗಳು ಗಾಜಿನ ಕೆಳಗಿದ್ದಂತೆ ಗಟ್ಟಿಯಾಗಿ ಕುಳಿತಿದ್ದವು. ಗೊತ್ತಾಯಿತು, ಆಂಟಿ. ಆಮೇಲೆ ನೋಡೋಣ ಎಂದುಕೊಂಡು ಒಳಗೆ ಹೋದೆ. ಆ ಮಂಜುಗಡ್ಡೆ ಕರಗಲೆಂದು ಉಪ್ಪು ಎರಚಿದ್ದೆ ಎಂದು ಬಹಳ ಕಾಲ ನಂಬಿದ್ದೆ. ಎರಚಿದ ಕೈಯೇ ಕಣ್ಣಿಗೆ ಕಾಣುತ್ತಿತ್ತು. ಅಂದು ಮನೆಯಲ್ಲಿದ್ದದ್ದು ಅಡುಗೆ ಉಪ್ಪಿನ ಡಬ್ಬಿ ಮಾತ್ರ. ಅದರಿಂದ ನಾನು ಹಾಕಿದ್ದು ಪೊಂಗಲಿಗೆ.

ಹತ್ತಕ್ಕೆ ನೀವು ಎಳ್ಳು ಬೀರಲು ಬಂದಿರಿ. ರೇಷ್ಮೆ ಸೀರೆ, ಅದರ ಮೇಲೆ ಅಳಿಯನ ಜಾಕೆಟ್, ಕಾಲುಚೀಲದ ಮೇಲೆ ಚಪ್ಪಲಿ, ಕೈಯಲ್ಲಿ ತಟ್ಟೆ. ಕಿಟಕಿಯಿಂದ ನೋಡುತ್ತಿದ್ದೆ. ಹಿಮದಲ್ಲಿ ಒಂದೊಂದೇ ಹೆಜ್ಜೆ ಒತ್ತಿ ಒತ್ತಿ ಇಟ್ಟು ಬಂದಿರಿ. ಹಿಮವಿಲ್ಲದ ನನ್ನ ಮೆಟ್ಟಿಲು ಕಂಡ ಮೇಲೆ ಎಚ್ಚರ ಬಿಟ್ಟಿರಿ. ಆಗಲಾದರೂ ಕೂಗಬಹುದಿತ್ತು. ಬಾಗಿಲು ತೆರೆಯಲು ಓಡಿದೆನೋ, ಸುಮ್ಮನೆ ನಿಂತಿದ್ದೆನೋ — ಇಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ.

"ಅಯ್ಯೋ, ಇಲ್ಲೂ ರಂಗೋಲಿ ಹಾಕ್ಬಿಟ್ಟಿದೀಯಲ್ಲೇ ಪುಟ್ಟಿ!" ಎಂದಿರಿ. ತಟ್ಟೆ ಹಾರಿತು.

ಬಲಗೈ ಮಣಿಕಟ್ಟು ಮುರಿದಿತ್ತು. ನನ್ನ ಗಂಡ ನಿಮ್ಮನ್ನು ಎತ್ತಿ ಕೂರಿಸಿದರು. ತುಂಬಿದ ಹೊಟ್ಟೆ ಹಿಡಿದುಕೊಂಡು ತನ್ನ ಬಾಗಿಲಲ್ಲೇ ನಿಂತ ಸ್ಮಿತಾ ಅಳುತ್ತಲೇ ರೇಗಿದಳು: "ಚಪ್ಪಲಿ ಹಾಕ್ಕೊಂಡು ಸ್ನೋನಲ್ಲಿ ಹೋಗ್ಬೇಡ ಅಂತ ಎಷ್ಟ್ ಸಲ ಹೇಳ್ಲಮ್ಮಾ? ಒಂದ್ ವರ್ಷ ಎಳ್ಳು ಬೀರದಿದ್ರೆ ಏನಾಗ್ತಿತ್ತು?" ಆಮೇಲೆ ನನ್ನತ್ತ ತಿರುಗಿದಳು. "ನಿಮ್ಮ ಸ್ಟೆಪ್ಸ್ ಕ್ಲೀನ್ ಇತ್ತು ತಾನೇ?"

"ಗುಡಿಸಿದ್ದೆ ಸ್ಮಿತಾ," ಎಂದೆ.

ಸುಳ್ಳಲ್ಲ. ಅದೇ ಅದರ ಕೆಟ್ಟತನ. ನೀವು ಎಡಗೈಯಿಂದ ಸೀರೆಗಂಟಿದ್ದ ಎಳ್ಳು ಕೊಡವುತ್ತಾ, "ನಂದೇ ತಪ್ಪು ಬಿಡಮ್ಮಾ" ಎಂದಿರಿ. ಮಂಜುಗಟ್ಟಿದ ರಂಗೋಲಿಯ ಪಕ್ಕದಲ್ಲೇ ಕುಳಿತಿದ್ದಿರಿ, ನಿಮಗೆ ತಿಳಿಯಲಿಲ್ಲವೇ? ತಿಳಿದೂ — ಕೇಳುವ ಹಕ್ಕು ನನಗಿಲ್ಲ.

ಆ ರಾತ್ರಿಯ ನನ್ನ ಡೈರಿಯಲ್ಲಿ ಎರಡೇ ಸಾಲು: "ಜಯಾ ಆಂಟಿ ಜಾರಿ ಬಿದ್ದರು. ಪಾಪ, ಚಪ್ಪಲಿ." ಯಾರೂ ಓದದ ಪುಸ್ತಕದಲ್ಲೂ ಹೀಗೆ ಬರೆದುಕೊಂಡೆ.

ಎರಡು ವಾರಕ್ಕೆ ಮಗು ಹುಟ್ಟಿತು. ಎಣ್ಣೆ ನೀರು ಹಾಕಲೆಂದೇ ಬಂದಿದ್ದ ನೀವು ಕೈಗೆ ಕಟ್ಟು ಹಾಕಿಸಿಕೊಂಡು ಬಚ್ಚಲಲ್ಲಿ ಕಮೋಡಿನ ಮುಚ್ಚಳದ ಮೇಲೆ ಕುಳಿತು, "ಕತ್ತು ಹಿಡೀರಿ, ಕತ್ತು!" ಎಂದು ಅಳಿಯನಿಗೆ ಹೇಳಿಕೊಡುವುದನ್ನು ನೋಡಿ ನಾವೆಲ್ಲ ನಕ್ಕಿದ್ದೆವು. ನಾನೂ ನಕ್ಕಿದ್ದೆ. ಕಟ್ಟು ಬಿಚ್ಚಿದ ಮೇಲೂ ನಿಮ್ಮ ಬೆರಳು ಪೂರ್ತಿ ಮಡಿಸಲು ಬರಲಿಲ್ಲ. ಮೊಮ್ಮಗಳಿಗೆ ಒಂದು ಸಲವೂ ನೀರೆರೆಯದೆ ನೀವು ಹೊರಟಿರಿ.

ಇಷ್ಟು ವರ್ಷ ಬಾಯಿ ಬಿಡದವಳು ಈಗ ಬರೆಯುತ್ತಿರುವುದು ಒಳ್ಳೆಯವಳಾದೆನೆಂದಲ್ಲ. ಸ್ಮಿತಾಗೆ ಎರಡನೆಯ ಮಗು ಬರಲಿದೆ, ಈ ಚಳಿಗಾಲದಲ್ಲೇ. ಮೊನ್ನೆ ಚಹಾ ಕುಡಿಯುತ್ತಾ ಹೇಳಿದಳು, "ಈ ಸಲ ಅಮ್ಮನ್ನ ಕರೆಸಲ್ಲ ಕಣೇ. ಬರ್ತೀನಿ ಬರ್ತೀನಿ ಅಂತ ದಿನಾ ಫೋನ್ ಮಾಡ್ತಾಳೆ. ಹೇಳಿದ್ ಮಾತು ಕೇಳಲ್ಲ ಅವ್ಳು. ಮಗೂನ ನೋಡ್ಕೊಳ್ಳೋದೋ, ಅವ್ಳನ್ನ ನೋಡ್ಕೊಳ್ಳೋದೋ?"

"ಹೂಂ," ಎಂದೆ.

ಆ ಹೂಂ ನನ್ನನ್ನು ಬಿಡುತ್ತಿಲ್ಲ. ಹಳೆಯ ತಪ್ಪನ್ನು ಮುಚ್ಚಿಟ್ಟಿದ್ದೇನೆ ಎಂದಷ್ಟೇ ತಿಳಿದಿದ್ದೆ. ಅದನ್ನು ಮತ್ತೊಮ್ಮೆ ಮಾಡಿದೆ.

ನಾಳೆ ಶನಿವಾರ. ಸ್ಮಿತಾ ಮನೆಯಲ್ಲಿರುತ್ತಾಳೆ. ಅಮ್ಮನಿಗೆ ಕಳಿಸಿದ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ಸುತ್ತಲೂ ಹಿಮ, ನಡುವೆ ಒದ್ದೆ ಮೆಟ್ಟಿಲು, ಅಂಚಿನಲ್ಲಿ ಖಾಲಿ ಬಕೆಟ್. ಮೊದಲು ಅವಳಿಗೆ ಅದನ್ನು ತೋರಿಸುತ್ತೇನೆ. ಆಮೇಲೆ ಈ ಕಾಗದ ನಿಮಗೆ. ನೀವು ಕ್ಷಮಿಸಿದರೂ ಆ ಬೆರಳುಗಳು ಮಡಚಿಕೊಳ್ಳುವುದಿಲ್ಲ. ನಾನು ಹೇಳಬೇಕಾದದ್ದು ದೊಡ್ಡ ಮಾತೇನಲ್ಲ. ಅಂದು ಅರ್ಧಕ್ಕೆ ನಿಲ್ಲಿಸಿದ ಉತ್ತರ, ಅಷ್ಟೇ.

ಗುಡಿಸಿದ್ದೆ ಸ್ಮಿತಾ. ಆಮೇಲೆ ನೀರು ಹಾಕಿದ್ದೆ.