ಸೂಜಿಗೆ ಹೆದರಿದ ಲೈನ್‌ಮನ್

ನಮ್ಮ ಭಾವ ವಿದ್ಯುತ್ ಕಂಬ ಹತ್ತುವ ಲೈನ್‌ಮನ್. ಗಾಳಿ ಬೀಸಿ ಬೀದಿಯ ದೀಪವೆಲ್ಲ ಆರಿದರೆ ಜನ ಆಫೀಸಿಗೆ ಫೋನ್ ಮಾಡುತ್ತಿರಲಿಲ್ಲ, ನೇರವಾಗಿ ಅವರ ಬಾಗಿಲು ತಟ್ಟುತ್ತಿದ್ದರು. ಸೊಂಟಕ್ಕೆ ಬೆಲ್ಟು ಬಿಗಿದು ಅವರು ಮೇಲೇರಿದರೆ ಕೆಳಗೆ ನಿಂತ ನಮಗೆ ಎದೆ ಢವಢವ. ಅವರೋ ಅಲ್ಲಿಂದಲೇ, ಯಾರದೋ ಮಹಡಿಯಲ್ಲಿ ಒಣಹಾಕಿದ ಬಟ್ಟೆ ಹಾರಿಹೋಗುತ್ತಿದೆ ಎಂದು ಕೂಗಿ ಹೇಳುತ್ತಿದ್ದರು. ನೆಲಕ್ಕಿಳಿದರೆ ಮಾತು ಕಡಿಮೆ. ಮನೆಯ ಮಾತನ್ನೆಲ್ಲ ನಮ್ಮಕ್ಕನೇ ಆಡುತ್ತಿದ್ದಳು, ಗಂಡನ ಪಾಲಿನದೂ ಸೇರಿಸಿ.

ಒಮ್ಮೆ ಏಣಿ ಜಾರಿ ಬಿದ್ದಾಗ ಅವರ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಮಾಡಿದರು. ಒಳಗಿನದು ಚೆನ್ನಾಗಿ ಕಾಣಲೆಂದು ನರಕ್ಕೆ ಒಂದು ಔಷಧಿ ಚುಚ್ಚುತ್ತಾರೆ. ಅದು ಮೈಗೆ ಹೋದದ್ದೇ ತಡ, ತುರಿಕೆ, ಎದೆಯ ಮೇಲೆ ಕೆಂಪು ದದ್ದು, ಗಂಟಲು ಬಿಗಿತ. ಇನ್ನೊಂದು ಇಂಜೆಕ್ಷನ್ ಕೊಟ್ಟು ಸರಿಮಾಡಿ, ಮುಂದೆ ಎಲ್ಲಿ ಸ್ಕ್ಯಾನ್ ಮಾಡಿಸಿದರೂ ಇದನ್ನು ಮೊದಲೇ ತಿಳಿಸಬೇಕೆಂದು ಹೇಳಿ ಕಳಿಸಿದರು. ಭಾವ ಮನೆಗೆ ಬಂದು ಹಾಗೇ ಒಪ್ಪಿಸಿದರು. ಅಕ್ಕ ನಂಬಬೇಕಲ್ಲ! ಕರೆಂಟಿಗೆ ಹೆದರದವರು ಸೂಜಿಗೆ ಹೆದರಿದರು ಎಂದು ಬಿದ್ದು ಬಿದ್ದು ನಕ್ಕಳು. ಜೊತೆ ಕೆಲಸಗಾರರ ಕಿವಿಗೂ ಹಾಕಿದಳು. ಅವರಿಗೆ ಅಷ್ಟು ಸಾಕಿತ್ತು, ‘ಸೂಜಿವೀರ’ ಎಂದು ಹೆಸರಿಟ್ಟೇಬಿಟ್ಟರು. ಮೊದಮೊದಲು ಮುಖ ಗಂಟಿಕ್ಕಿಕೊಂಡಿದ್ದ ಭಾವ ಕಡೆಗೆ ತಾವೂ ನಗತೊಡಗಿದರು. ವರ್ಷ ಕಳೆದಂತೆ ದದ್ದಿನ ಮಾತು ಮರೆತುಹೋಗಿ, ಹೆದರಿಕೆಯ ಕಥೆಯೊಂದೇ ಉಳಿಯಿತು.

ಹೋದ ವರ್ಷ ಹೊಟ್ಟೆನೋವು ಬಿಡದೆ ಕಾಡಿತು, ಮತ್ತೆ ಸ್ಕ್ಯಾನ್ ಬರೆದರು. ಅಕ್ಕನ ಜೊತೆ ನಾನೂ ಹೋಗಿದ್ದೆ. ಮೈ ಕೊರೆಯುವಷ್ಟು ತಣ್ಣನೆಯ ಕೋಣೆ. ಸ್ಕ್ಯಾನ್ ಮಾಡುವ ಹೆಂಗಸು ಕಿಡ್ನಿ ತೊಂದರೆ ಇದೆಯೇ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತೀರಾ ಎಂದು ಒಂದೊಂದಾಗಿ ವಿಚಾರಿಸಿದಳು. ಆಮೇಲೆ, “ಹಿಂದೆ ಈ ಔಷಧಿ ಕೊಟ್ಟಾಗ ಏನಾದ್ರೂ ಆಗಿತ್ತಾ?” ಎಂದಳು.

ಭಾವ ಬಾಯಿ ತೆರೆದರು. ಅಷ್ಟರಲ್ಲಿ ಅಕ್ಕ, “ಏನೂ ಇಲ್ಲ ಬಿಡಿ, ಇವರಿಗೆ ಸೂಜಿ ಕಂಡ್ರೆ ಜೀವ ಬಾಯಿಗೆ ಬರುತ್ತೆ, ಅಷ್ಟೇ,” ಅಂದಳು. ಆ ಹೆಂಗಸೂ ನಕ್ಕಳು. ಭಾವ ತೆರೆದ ಬಾಯಿ ಮುಚ್ಚಿ ತಲೆಯಾಡಿಸಿದರು.

ನಮ್ಮನ್ನು ಹೊರಗೆ ಕೂರಿಸಿ ಔಷಧಿ ಚುಚ್ಚಿದರು. ಸ್ವಲ್ಪ ಹೊತ್ತಿಗೇ ಒಳಗೆ ಓಡಾಟ ಶುರುವಾಯಿತು. ಉಸಿರು ನಿಂತವರನ್ನು ಎದೆ ಒತ್ತಿ ಒತ್ತಿ ಉಳಿಸಿಕೊಂಡರಂತೆ. ಡಾಕ್ಟರು ಹೊರಗೆ ಬಂದು, ಮೊದಲೇ ಗೊತ್ತಿದ್ದರೆ ಆ ಔಷಧಿ ಬಿಟ್ಟು ಬೇರೆ ದಾರಿ ನೋಡುತ್ತಿದ್ದೆವು ಅಂದರು. ನನಗೆ ಅಕ್ಕನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಬೆಂಚಿನ ಮೇಲೆ ಕುಸಿದು ಕೂತವಳ ಮುಖ ನೋಡಿಕೊಂಡು ಏನೆಂದು ಬೈಯಲಿ?

ಜೀವವೇನೋ ಉಳಿಯಿತು, ಆದರೆ ಉಸಿರಿಲ್ಲದೆ ಮಿದುಳಿಗೆ ಪೆಟ್ಟಾಗಿ ಕೈಗೆ ಮೊದಲಿನ ಹಿಡಿತ ಬರಲಿಲ್ಲ. ನಾಲಿಗೆಯೂ ತೊದಲುತ್ತದೆ. ಕಂಬ ಹತ್ತುವ ಬೆಲ್ಟು ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ಅಕ್ಕ ಅದನ್ನು ತೆಗೆಯಲೂ ಬಿಡುವುದಿಲ್ಲ, ಅತ್ತ ನೋಡುವುದೂ ಇಲ್ಲ.

ಮೊನ್ನೆ ತಪಾಸಣೆಗೆ ಹೋದಾಗ ಹೊಸ ನರ್ಸ್ ಒಬ್ಬಳು ಅದೇ ಪ್ರಶ್ನೆ ಕೇಳಿದಳು. ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೂತಳು. ಭಾವನಿಗೆ ಈಗ ಒಂದು ಮಾತು ಹೊರಡಿಸಲು ಬಹಳ ಹೊತ್ತು ಬೇಕು. ನರ್ಸ್ ನನ್ನ ಕಡೆ ನೋಡಿದಳು, ನಾನು ಭಾವನತ್ತ ಕೈ ತೋರಿಸಿದೆ.

“ದದ್ದು... ಬಂತು. ಉಸಿರು... ಕಟ್ತು,” ಎಂದರು ಭಾವ. ಆಮೇಲೆ ಹೆಂಡತಿಯತ್ತ ತಿರುಗಿ, “ಹೆದರಿಕೆ... ಅಲ್ಲ ಕಣೇ,” ಅಂದರು.

“ಗೊತ್ತು ರೀ,” ಎಂದಳು ಅಕ್ಕ. “ಆವತ್ತು ನಾನು ಇಷ್ಟು ಹೊತ್ತು ಕಾಯ್ಲಿಲ್ಲ.”