ಪ್ಲಗ್ಗಿಗೆ ಕಟ್ಟಿದ ಕಾರು

ನ್ಯಾಮತಿಯಲ್ಲಿ ಬೋರ್‌ವೆಲ್ ಮೋಟಾರ್ ಮಾರುವ ತಿಪ್ಪೇರುದ್ರನ ಅಂಗಳದಲ್ಲಿರುವ ಎರಡು ಸೀಟಿನ ಹಳೇ ವಿದೇಶಿ ಕರೆಂಟು ಕಾರು, ಕರು ಹಾಕಿದ ಎಮ್ಮೆಗಿಂತ ಹೆಚ್ಚು ಸೇವೆ ಮಾಡಿಸಿಕೊಳ್ಳುತ್ತದೆ. “ಪೆಟ್ರೋಲ್ ಖರ್ಚು ಒಂದು ಪೈಸೆ ಇಲ್ರೀ” ಎಂದು ಅವನು ಕಂಡವರಿಗೆಲ್ಲ ಹೇಳುತ್ತಾನೆ. ಟೈರು ಹಡಗಿನಲ್ಲಿ ಬರಬೇಕು, ಮೆಕ್ಯಾನಿಕ್ಕು ವಿಮಾನದಲ್ಲಿ ಬರಬೇಕು ಎಂಬುದನ್ನು ಮಾತ್ರ ನುಂಗಿಕೊಳ್ಳುತ್ತಾನೆ. ಚಾರ್ಜಿಲ್ಲದೆ ಬಿಟ್ಟರೆ ಬ್ಯಾಟರಿ ಸತ್ತೇಹೋಗುತ್ತದೆ, ಹೊಸದಕ್ಕೆ ಸೈಟು ಮಾರಬೇಕು. ಹಾಗಾಗಿ ಕರೆಂಟು ಹೋದರೆ ಇನ್ವರ್ಟರ್ ಕಾರಿಗೆ, ಮೇಣದ ಬತ್ತಿ ಹೆಂಡತಿ ಮಮತಾಗೆ. ರಸ್ತೆಯಲ್ಲಿ ಹಂಪು ಕಂಡರೆ “ಸ್ವಲ್ಪ ಇಳೀರಿ, ತಳ ತಾಗ್ತೈತೆ” ಎನ್ನುತ್ತಾನೆ. ಪಕ್ಕದಲ್ಲಿ ಕೂತವರು ಇಳಿದು, ಹಂಪು ದಾಟಿ, ಮತ್ತೆ ಹತ್ತುತ್ತಾರೆ. ಜಗಳೂರಿಗೆ ಕೊಟ್ಟ ತಂಗಿ ನಾಗರತ್ನಳನ್ನು ಪಂಚಮಿ ಹಬ್ಬಕ್ಕೆ ಠೀವಿಯಿಂದ ಕರೆತರಬೇಕೆಂದೇ ಕೊಂಡ ಕಾರದು. ಆದರೆ ಮುದಿ ಬ್ಯಾಟರಿ ಹೊನ್ನಾಳಿ ದಾಟುವಷ್ಟರಲ್ಲೇ ಏದುಸಿರು ಬಿಡುತ್ತದೆ. ಈ ಸಲ ಅವಳೇ ಬಸ್ಸು ಹಿಡಿದು ಬಂದಳು. ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಅಣ್ಣನ ಕಾರಿನಲ್ಲಿ, ಬ್ಯಾಗು ಹಿಡಿದುಕೊಂಡು ಒಂದೊಂದು ಹಂಪಿನಲ್ಲೂ ಇಳಿದು ಹತ್ತಿದಳು. “ಮುಂದಿನ ಪಂಚಮಿಗೆ ನಿನ್ನ ಹಳೇ ಬೈಕಲ್ಲೇ ಕರೆಯಾಕೆ ಬಾರಣ್ಣ. ‘ನಿಮ್ಮಣ್ಣ ಬರಲಿಲ್ವಾ’ ಅಂತ ನಮ್ಮತ್ತೆ ಕೇಳಿದ್ರು” ಎಂದಳು. ತಿಪ್ಪೇರುದ್ರ ತಲೆ ಬಗ್ಗಿಸಿ ಪ್ಲಗ್ಗು ಸಿಕ್ಕಿಸಿದ. ಕಾರಿನ ಹಿಂದಿನೆರಡು ಟೈರು ಬಂದದ್ದೇ ಆ ಬೈಕು ಮಾರಿದ ದುಡ್ಡಿನಲ್ಲಿ.